ನರಿಟಾದಲ್ಲಿ ಇಳಿದು ಹನೇಡಾದಲ್ಲಿ ಹತ್ತುವ ಮುನ್ನ

ಬೆಂಗಳೂರಿಂದ ಟೋಕಿಯೊ ಮೇಲೆ ಹಾದು ಮುಂದಕ್ಕೆ ಹೋಗೋ ಟಿಕೆಟ್ ಹುಡುಕ್ತಾ ಇದ್ರೆ ಕೆಲವೊಮ್ಮೆ ಒಂದು ವಿಚಿತ್ರವಾದ ಟಿಕೆಟ್ ಕಣ್ಣಿಗೆ ಬೀಳುತ್ತೆ. ಬೆಲೆ ಉಳಿದವಕ್ಕಿಂತ ಕಮ್ಮಿ. ಸಮಯಾನೂ ಪರವಾಗಿಲ್ಲ. ಆದ್ರೆ ನಡುವೆ ಸಣ್ಣ ಅಕ್ಷರದಲ್ಲಿ ಒಂದು ಎಚ್ಚರಿಕೆ: ‘ವಿಮಾನ ನಿಲ್ದಾಣ ಬದಲಾವಣೆ’. ಇಳಿಯೋದು ನರಿಟಾದಲ್ಲಿ, ಮತ್ತೆ ಹತ್ತೋದು ಹನೇಡಾದಲ್ಲಿ. ಎರಡಕ್ಕೂ ಟೋಕಿಯೊ ಅಂತಲೇ ಹೆಸರು. ಆದ್ರೆ ಹನೇಡಾ ಇರೋದು ನಗರದ ಮಗ್ಗುಲಲ್ಲೇ, ಸಮುದ್ರದ ದಂಡೆಯಲ್ಲಿ. ನರಿಟಾ ಇರೋದು ನಗರದ ನಡುಮಧ್ಯದಿಂದ ಸುಮಾರು 60 ಕಿಲೋಮೀಟರ್ ದೂರ, ಚಿಬಾ ಅನ್ನೋ ಬೇರೆ ಪ್ರಾಂತ್ಯದಲ್ಲಿ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ, ತುಮಕೂರಲ್ಲಿ ಇಳಿಸಿ ‘ಎಚ್‌ಎಎಲ್‌ಗೆ ಬಂದು ಹತ್ಕೊಳ್ಳಿ’ ಅಂದ ಹಾಗೆ.

ಇಂಥ ಟಿಕೆಟ್ ಕಂಡ್ರೆ ನನ್ನ ಟೀಮಿನವರೆಲ್ಲ ಮೂಗು ಮುರೀತಾರೆ. ಕಂಪನಿ ಕೆಲಸದ ಮೇಲೆ ನಾನು ಈ ದಾರಿಯಲ್ಲಿ ಮೂರು ಸಲ ಹೋಗಿದ್ದೀನಿ. ಮೊದಲ ಸಲ ಏರ್‌ಪೋರ್ಟ್ ಬಸ್ಸಲ್ಲಿ ಗಡದ್ದಾಗಿ ನಿದ್ದೆ ಮಾಡಿದೆ. ಎರಡನೇ ಸಲ ಎಚ್ಚರ ಇತ್ತು, ಹಾಗಾಗಿ ಒಂದು ಪ್ರಶ್ನೆ ಬಂತು. ರೈಲು ಒಂದು ನಿಮಿಷ ತಡ ಆದ್ರೂ ಕ್ಷಮೆ ಕೇಳೋ ಜನ ಇವರು. ಇಷ್ಟು ಲೆಕ್ಕಾಚಾರದವರು ತಮ್ಮ ದೊಡ್ಡ ಅಂತಾರಾಷ್ಟ್ರೀಯ ನಿಲ್ದಾಣನ ಇಷ್ಟು ದೂರ ತಗೊಂಡು ಹೋಗಿ ಯಾಕೆ ಇಟ್ರು? ಇಟ್ಟ ಮೇಲೆ ಹಳೇದನ್ನ ಯಾಕೆ ಉಳಿಸಿಕೊಂಡ್ರು? ಆ ಪ್ರಶ್ನೆ ಬೆನ್ನು ಹತ್ತಿ ಮೂರನೇ ಸಲ ನಾನೇ ಬೇಕಂತ ಹತ್ತು ಗಂಟೆಯ ಲೇಓವರ್ ಇರೋ ಟಿಕೆಟ್ ತಗೊಂಡೆ. ಆ ಹತ್ತು ಗಂಟೇಲಿ ಕಂಡದ್ದನ್ನ, ಅದಕ್ಕೆ ಮುಂಚೆ ಓದಿ ತಿಳ್ಕೊಂಡದ್ದನ್ನ ಸೇರಿಸಿ ಇಲ್ಲಿ ಬರೀತಿದ್ದೀನಿ.

ಪ್ರಯಾಣದ ಮಾತು ಮೊದಲು ಮುಗಿಸಿಬಿಡೋಣ. ನಿಲ್ದಾಣ ಬದಲಾಯಿಸಬೇಕು ಅಂದ್ರೆ ಜಪಾನಿನ ಒಳಗೆ ಕಾಲಿಡಲೇಬೇಕು. ಭಾರತದ ಪಾಸ್‌ಪೋರ್ಟ್ ಇರೋರಿಗೆ ಅದಕ್ಕೆ ವೀಸಾ ಬೇಕು. ಟಿಕೆಟ್‌ಗಿಂತ ಮೊದಲು ಅದನ್ನ ನೋಡ್ಕೊಳ್ಳಿ. ಎರಡು ನಿಲ್ದಾಣಗಳ ನಡುವೆ ನೇರ ಬಸ್ ಇದೆ, ಒಂದೇ ರೈಲಲ್ಲಿ ಕೂತು ಹೋಗೋ ದಾರೀನೂ ಇದೆ. ಯಾವುದಾದ್ರೂ ಸುಮಾರು ಒಂದೂವರೆ ಗಂಟೆ. ಇಮಿಗ್ರೇಷನ್, ಬ್ಯಾಗು ಅಂತ ಒಂದು ಗಂಟೆ, ಹನೇಡಾದಲ್ಲಿ ಮತ್ತೆ ಚೆಕ್ ಇನ್ ಅಂತ ಎರಡು ಗಂಟೆ ಕಳೀರಿ. ಲೇಓವರ್ ಐದು ಗಂಟೆಯೊಳಗಿದ್ರೆ ತೆಪ್ಪಗೆ ಬಸ್ ಹತ್ತಿ. ಎಂಟು, ಹತ್ತು ಗಂಟೆ ಇದ್ರೆ ಮುಂದೆ ಓದಿ.

ನರಿಟಾದ ಕಥೆ ಶುರುವಾಗೋದು ಹನೇಡಾದಲ್ಲಿ ಜಾಗ ಸಾಲದೇ ಹೋದದ್ದರಿಂದ. ಹನೇಡಾ ನಿಲ್ದಾಣ ತೆರೆದದ್ದು 1931ರ ಆಗಸ್ಟ್‌ನಲ್ಲಿ. ಅಲ್ಲಿಂದ ಹಾರಿದ ಮೊದಲ ವಿಮಾನದಲ್ಲಿ ಮನುಷ್ಯರಿಗಿಂತ ಹೆಚ್ಚಾಗಿ ಇದ್ದದ್ದು ಹಾಡೋ ಮಿಡತೆಗಳು. ಚೀನಾದ ದಾಲಿಯನ್‌ನಲ್ಲಿ ನೆಲೆಸಿದ್ದ ಜಪಾನಿಯರಿಗೆ ಊರಿನ ದನಿ ಕೇಳಲಿ ಅಂತ ಸುಮಾರು 6,000 ಹುಳಗಳನ್ನ ಕಳಿಸಿದ್ರಂತೆ. ಅಷ್ಟು ಪುಟ್ಟ ನಿಲ್ದಾಣ ಅದು. 1964ರ ಒಲಿಂಪಿಕ್ಸ್ ಹೊತ್ತಿಗೆ ಜೆಟ್ ವಿಮಾನಗಳು ಬಂದಿದ್ವು, ಇನ್ನು ಕೆಲವೇ ವರ್ಷದಲ್ಲಿ ಹನೇಡಾ ತುಂಬಿಹೋಗುತ್ತೆ ಅಂತ ಸರ್ಕಾರಕ್ಕೆ ಗೊತ್ತಾಯ್ತು. ಸಮುದ್ರ ತುಂಬಿಸಿ ಅಲ್ಲೇ ವಿಸ್ತರಿಸೋಣ ಅಂದ್ರೆ ಒಂದು ಕಡೆ ಬಂದರಿನ ಹಡಗುಗಳು, ಇನ್ನೊಂದು ಕಡೆ ಅಮೆರಿಕದ ಸೇನೆ ತನ್ನ ಕೈಯಲ್ಲಿ ಇಟ್ಕೊಂಡಿದ್ದ ಆಕಾಶ. ಹಾಗಾಗಿ ಹೊಸ ಜಾಗದ ಹುಡುಕಾಟ ಶುರುವಾಯ್ತು.

1965ರಲ್ಲಿ ಚಿಬಾ ಪ್ರಾಂತ್ಯದ ಟೊಮಿಸಾಟೊ ಅನ್ನೋ ಊರನ್ನ ಆರಿಸಿದ್ರು. ಅಲ್ಲಿನ ರೈತರು ಬೀದಿಗಿಳಿದು ಭಾರೀ ವಿರೋಧ ಮಾಡಿದ್ರು. ಸರ್ಕಾರ ಹಿಂದೆ ಸರೀತು. ಆದ್ರೆ ಅದರಿಂದ ಕಲಿತ ಪಾಠ ‘ಮುಂದಿನ ಊರಿನವರನ್ನ ಮೊದಲು ಕೇಳೋಣ’ ಅಂತ ಅಲ್ಲ. ‘ಮುಂದಿನ ಸಲ ಬೇಗ ಮುಗಿಸೋಣ’ ಅಂತ. ಅಲ್ಲಿಂದ ಕೆಲವೇ ಕಿಲೋಮೀಟರ್ ಆಚೆಗಿನ ಸನ್ರಿಜುಕಾ ಅನ್ನೋ ಜಾಗಕ್ಕೆ ಬೆರಳು ತೋರಿಸಿದ್ರು. ಅಲ್ಲಿ ಚಕ್ರವರ್ತಿಯ ಮನೆತನದ ಕುದುರೆ, ದನಗಳ ದೊಡ್ಡ ಫಾರ್ಮ್ ಇತ್ತು. ಸರ್ಕಾರಿ ಜಮೀನು ಹೆಚ್ಚಿದ್ರೆ ರೈತರ ಜಮೀನು ಕಮ್ಮಿ ಸಾಕು ಅನ್ನೋದು ಲೆಕ್ಕ. 1966ರ ಜೂನ್ ಕೊನೆಯ ವಾರಗಳಲ್ಲಿ ಸುದ್ದಿ ಹೊರಗೆ ಬಂತು, ಜುಲೈ 4ಕ್ಕೆ ಸಚಿವ ಸಂಪುಟದ ತೀರ್ಮಾನ ಆಗೇಹೋಯ್ತು. ನಡುವೆ ಎರಡು ವಾರಾನೂ ಇಲ್ಲ. ತಮ್ಮ ಹೊಲದ ಮೇಲೆ ರನ್‌ವೇ ಬರುತ್ತೆ ಅಂತ ಊರಿನವರಿಗೆ ಗೊತ್ತಾಗಿದ್ದು ಟಿವಿ, ಪತ್ರಿಕೆಗಳಿಂದ.

ಆ ರೈತರು ಯಾರು ಅನ್ನೋದು ಮುಖ್ಯ. ತಲೆತಲಾಂತರದಿಂದ ಉಳ್ತಾ ಬಂದ ಹಳೇ ಹಳ್ಳಿಯವರು ಕೆಲವರು. ಇನ್ನು ಕೆಲವರು ಎರಡನೇ ಮಹಾಯುದ್ಧ ಸೋತ ಮೇಲೆ ಮಂಚೂರಿಯಾ ಮುಂತಾದ ಕಡೆಯಿಂದ ಬರಿಗೈಲಿ ವಾಪಸ್ ಬಂದೋರು. ಅವರಿಗೆ ಸರ್ಕಾರವೇ ಇಲ್ಲಿ ಜಾಗ ತೋರಿಸಿ, ‘ಕಾಡು ಕಡಿದು ಹೊಲ ಮಾಡ್ಕೊಳ್ಳಿ’ ಅಂದಿತ್ತು. ಇಪ್ಪತ್ತು ವರ್ಷ ಬೇರು ಕಿತ್ತು, ಮಣ್ಣು ಹದ ಮಾಡಿ, ಕಡಲೆಕಾಯಿ, ಗೆಣಸು ಬೆಳೆಯೋ ಮಟ್ಟಕ್ಕೆ ತಂದಿದ್ರು. ಇನ್ನೊಂದು ವಿಷಯ ಓದಿದಾಗ ನನಗೆ ಹೊಟ್ಟೆಯಲ್ಲಿ ಹಿಂಡಿದ ಹಾಗಾಯ್ತು. ಈ ಭಾಗದಲ್ಲಿ ರೇಷ್ಮೆ ಕೃಷಿ ಬೆಳೆಸಬೇಕು ಅಂತ ಸರ್ಕಾರವೇ ಯೋಜನೆ ತಂದು, ರೈತರು ಹಿಪ್ಪುನೇರಳೆ ನಾಟಿ ಮಾಡಿದ್ರು. ಗಿಡ ಸೊಂಪಾಗಿ ಏಳೋ ಹೊತ್ತಿಗೆ ವಿಮಾನ ನಿಲ್ದಾಣದ ತೀರ್ಮಾನ ಬಂತು.

ನಾನು ಶಿಡ್ಲಘಟ್ಟ ತಾಲೂಕಿನ ಹಳ್ಳಿಯವನು. ನಮ್ಮನೇಲಿ ಮನುಷ್ಯರು ಒಂದು ಮೂಲೇಲಿ ಮಲಗ್ತಿದ್ವಿ, ಉಳಿದ ಜಾಗವೆಲ್ಲ ಹುಳದ ತಟ್ಟೆಗಳಿಗೆ, ಚಂದ್ರಿಕೆಗಳಿಗೆ. ಸೊಪ್ಪಿನ ತೋಟ ಅನ್ನೋದು ಒಂದು ವರ್ಷದ ಬೆಳೆಯಲ್ಲ. ಒಮ್ಮೆ ಹಾಕಿದ್ರೆ ಹದಿನೈದು, ಇಪ್ಪತ್ತು ವರ್ಷ ಮನೆ ನಡೆಸುತ್ತೆ. ‘ಹಾಕಿ’ ಅಂತ ಹೇಳಿದ ಸರ್ಕಾರವೇ ‘ಕಿತ್ತಾಕಿ’ ಅಂದ್ರೆ, ಆ ಸಿಟ್ಟು ಪರಿಹಾರದ ಮೊತ್ತ ನೋಡಿ ಇಳಿಯೋ ಸಿಟ್ಟಲ್ಲ.

ಹಾಗಂತ ಎಲ್ಲರೂ ಎದುರು ನಿಂತ್ರು ಅಂತ ಬರೆದ್ರೆ ಸುಳ್ಳಾಗುತ್ತೆ. ಬಹಳಷ್ಟು ಜನ ಪರಿಹಾರ ತಗೊಂಡು ಬೇರೆ ಕಡೆ ಹೋದ್ರು. ಉಳಿದೋರು ಸಂಘ ಕಟ್ಟಿದ್ರು. ಮುಂದಾಳು ತೊಮುರಾ ಇಸ್ಸಾಕು, ಕೃಷಿ ಉಪಕರಣದ ವ್ಯಾಪಾರಿ, ಕ್ರೈಸ್ತ, ಶಿಲ್ಪಿ ಕೂಡ. ಹೆಂಗಸರದೊಂದು ದಳ, ಯುವಕರದೊಂದು, ವಯಸ್ಸಾದವರದೊಂದು, ಶಾಲಾ ಮಕ್ಕಳದೂ ಒಂದು. ಮರಕ್ಕೆ ಸರಪಳಿಯಲ್ಲಿ ತಮ್ಮನ್ನೇ ಕಟ್ಟಿಕೊಂಡ್ರು, ನೆಲದಡಿ ಸುರಂಗ ತೋಡಿ ಒಳಗೆ ಕೂತ್ರು. ಹೆಲ್ಮೆಟ್ ಹಾಕ್ಕೊಂಡ ಎಡಪಂಥೀಯ ವಿದ್ಯಾರ್ಥಿಗಳು ಟೋಕಿಯೊದಿಂದ ಬಂದು ಸೇರ್ಕೊಂಡ್ರು. ಒಗಾವಾ ಶಿನ್ಸುಕೆ ಅನ್ನೋ ಸಾಕ್ಷ್ಯಚಿತ್ರ ನಿರ್ದೇಶಕ ತಂಡ ಕಟ್ಕೊಂಡು ಊರಲ್ಲೇ ನೆಲೆ ನಿಂತು, ವರ್ಷಗಟ್ಟಲೆ ಚಿತ್ರೀಕರಿಸಿದ. ಇವತ್ತು ಜಗತ್ತಿನ ಸಿನಿಮಾ ವಿದ್ಯಾರ್ಥಿಗಳಿಗೆ ಸನ್ರಿಜುಕಾ ಅನ್ನೋ ಹೆಸರು ಗೊತ್ತಿರೋದು ಬಹುಮಟ್ಟಿಗೆ ಅವನ ಚಿತ್ರಗಳಿಂದಲೇ.

1971ರಲ್ಲಿ ಸರ್ಕಾರ ಬಲವಂತದ ಭೂಸ್ವಾಧೀನಕ್ಕೆ ಕೈ ಹಾಕ್ತು. ಆ ವರ್ಷದ ಸೆಪ್ಟೆಂಬರ್ 16ರ ಘರ್ಷಣೆಯಲ್ಲಿ ಮೂವರು ಪೊಲೀಸರು ಸತ್ರು. ಅವರೂ ಯಾರದೋ ಮನೆಯ ಹುಡುಗರೇ. ನಾಲ್ಕು ದಿನದ ಮೇಲೆ, 20ನೇ ತಾರೀಕು, ಕೊಯಿಜುಮಿ ಯೋನೆ ಅನ್ನೋ ಅರವತ್ತು ದಾಟಿದ ಹೆಂಗಸಿನ ಮನೆ ಕೆಡವಿದ್ರು. ಬಡವಿ, ಬೇರೆ ಆಸ್ತಿ ಅಂತ ಏನೂ ಇರಲಿಲ್ಲ. ಪೊಲೀಸರು ಬಂದಾಗ ಆಕೆ ಮನೆ ಮುಂದೆ ಭತ್ತ ಒಕ್ತಾ ಇದ್ರು. ಅದನ್ನ ಮುಗಿಸೋಕೂ ಬಿಡದೆ ಹೊತ್ಕೊಂಡು ಹೋದ್ರು. ಎರಡು ವರ್ಷದ ಮೇಲೆ ಆಕೆ ತೀರಿಕೊಂಡ್ರು. ಅದೇ 1971ರ ಅಕ್ಟೋಬರ್‌ನಲ್ಲಿ ಚಳವಳಿಯ ಒಬ್ಬ ಯುವ ರೈತ ತನ್ನ ಜೀವ ತಾನೇ ತೆಗೆದುಕೊಂಡ. 1977ರಲ್ಲಿ ರೈತರ ಉಕ್ಕಿನ ಗೋಪುರ ಕೆಡವಿದ ನಂತರದ ಗಲಾಟೆಯಲ್ಲಿ ಚಳವಳಿಯ ಇನ್ನೊಬ್ಬ ಸತ್ತ.

ನಿಲ್ದಾಣದ ಉದ್ಘಾಟನೆಗೆ 1978ರ ಮಾರ್ಚ್ 30 ಅಂತ ದಿನ ಗೊತ್ತಾಗಿತ್ತು. ನಾಲ್ಕು ದಿನ ಮೊದಲು, ಚಳವಳಿಯ ಕೆಲವರು ಚರಂಡಿ ಸುರಂಗದಲ್ಲಿ ನುಸುಳಿ ಬಂದು ಮ್ಯಾನ್‌ಹೋಲ್‌ನಿಂದ ಮೇಲೆದ್ದು, ಕಂಟ್ರೋಲ್ ಟವರ್ ಹತ್ತಿ ಅಲ್ಲಿನ ಯಂತ್ರಗಳನ್ನ ಪುಡಿ ಮಾಡಿದ್ರು. ಉದ್ಘಾಟನೆ ಮೇ 20ಕ್ಕೆ ಹೋಯ್ತು. ಆವತ್ತು ಕಾವಲಿಗೆ ನಿಂತಿದ್ದ ಪೊಲೀಸರು ಸಾವಿರಾರು. ಮೂರು ರನ್‌ವೇ ಯೋಜನೆಯ ನಿಲ್ದಾಣ, 4,000 ಮೀಟರಿನ ಒಂದೇ ಒಂದು ರನ್‌ವೇ ಇಟ್ಕೊಂಡು ಶುರುವಾಯ್ತು. ಅಂತಾರಾಷ್ಟ್ರೀಯ ವಿಮಾನಗಳೆಲ್ಲ ನರಿಟಾಗೆ, ದೇಶದೊಳಗಿನವು ಹನೇಡಾಗೆ ಅಂತ ಹಂಚಿಕೆ ಆಯ್ತು. ತೈವಾನಿನ ಒಂದು ಕಂಪನಿ ಮಾತ್ರ ಹನೇಡಾದಲ್ಲೇ ಉಳೀತು. ಚೀನಾದ ವಿಮಾನ, ತೈವಾನಿನ ವಿಮಾನ ಒಂದೇ ಕಡೆ ನಿಲ್ಲೋದು ಬೇಡ ಅಂತ. ಇವತ್ತು ನಾವು ನೀವು ಬ್ಯಾಗು ಎಳ್ಕೊಂಡು ಅಲ್ಲಿಂದ ಇಲ್ಲಿಗೆ ಓಡೋದರ ಮೂಲ ಆ ಹಂಚಿಕೆ.

ಈಗ ನೋಡೋಕೆ ಹೋಗೋಣ. ನರಿಟಾದ ಎರಡನೇ ಟರ್ಮಿನಲ್‌ನಿಂದ ನೆಲದಡಿ ಸುಮಾರು ಅರ್ಧ ಕಿಲೋಮೀಟರ್ ಉದ್ದದ ಒಂದು ಹಾದಿ ಇದೆ. ಹೆಚ್ಚಾಗಿ ಖಾಲಿ. ನಡೀತಾ ಹೋದ್ರೆ ಹಿಗಾಶಿ ನರಿಟಾ ಅನ್ನೋ ರೈಲು ನಿಲ್ದಾಣ ಸಿಗುತ್ತೆ. ಮಂಕು ದೀಪ, ದೊಡ್ಡ ಹಜಾರ, ಬೆರಳೆಣಿಕೆಯಷ್ಟು ಜನ. 1978ರಿಂದ 1991ರವರೆಗೆ ನರಿಟಾ ವಿಮಾನ ನಿಲ್ದಾಣದ ರೈಲು ನಿಲ್ದಾಣ ಅಂದ್ರೆ ಇದೇ. ರೈಲಿಳಿದು, ಬಸ್ ಹತ್ತಿ ಟರ್ಮಿನಲ್‌ಗೆ ಹೋಗಬೇಕಿತ್ತು. ಟರ್ಮಿನಲ್ ಕೆಳಗೇ ಒಂದು ನಿಲ್ದಾಣದ ಗೂಡು ಕಟ್ಟಿ ಇಟ್ಟಿದ್ರು. ಅದು ಬುಲೆಟ್ ರೈಲಿಗೆ ಅಂತ ಮೀಸಲು. ಆ ಬುಲೆಟ್ ರೈಲು ದಾರೀಲಿ ಜಮೀನು ಸಿಗದೆ, ವಿರೋಧ ತಾಳದೆ ಬರಲೇ ಇಲ್ಲ. ಕೊನೆಗೆ 1991ರಲ್ಲಿ ಆ ಖಾಲಿ ಗೂಡಿಗೆ ಮಾಮೂಲಿ ರೈಲುಗಳನ್ನ ಬಿಟ್ರು. ನೀವು ಈಗ ಟರ್ಮಿನಲ್ ಕೆಳಗೆ ಆರಾಮಾಗಿ ಹತ್ತೋ ರೈಲು ನಿಲ್ಲೋದು ಅಲ್ಲೇ.

ಹಿಗಾಶಿ ನರಿಟಾದಿಂದ ಮುಂದಕ್ಕೆ ಇನ್ನೊಂದೇ ಸ್ಟಾಪ್ ಇದೆ, ಶಿಬಾಯಾಮಾ ಚಿಯೋದಾ. ಈ ಶಿಬಾಯಾಮಾ ರೈಲ್ವೆ ಕಂಪನಿಯ ಒಟ್ಟು ಉದ್ದ 2.2 ಕಿಲೋಮೀಟರ್. 2002ರಲ್ಲಿ ಶುರುವಾದದ್ದು. ನಿಲ್ದಾಣ ಬಂದು ಆಚೆ ಕಡೆ ಹಳ್ಳಿಯವರ ದಾರಿಗಳೆಲ್ಲ ತುಂಡಾಗಿದ್ವು. ಅದಕ್ಕೆ ಪ್ರತಿಯಾಗಿ ರೈಲು ಕೊಡ್ತೀವಿ ಅಂತ ಕೊಟ್ಟ ಮಾತು ಇದು. ನಿಲ್ದಾಣ 1978ಕ್ಕೆ, ರೈಲು 2002ಕ್ಕೆ! ನಮ್ಮ ಕಡೆ ಸರ್ವಿಸ್ ರಸ್ತೆ, ಅಂಡರ್‌ಪಾಸ್‌ಗಾಗಿ ಕಾಯೋರಿಗೆ ಇದು ಹೊಸ ಕಥೆ ಅನ್ಸಲ್ಲ.

ಶಿಬಾಯಾಮಾ ಕಡೆಗೇ ವಿಮಾನಗಳ ಮ್ಯೂಸಿಯಂ ಒಂದಿದೆ. ಅದರ ಪಕ್ಕದಲ್ಲಿ 2011ರಲ್ಲಿ ತೆರೆದ ಚಿಕ್ಕ ಕಟ್ಟಡಕ್ಕೆ ಹೋಗಿ. ‘ಆಕಾಶ ಮತ್ತು ನೆಲದ ಇತಿಹಾಸ ಭವನ’ ಅಂತ ಅದರ ಹೆಸರಿನ ಅರ್ಥ. ಸೋಮವಾರ ರಜೆ. ಟರ್ಮಿನಲ್‌ನಿಂದ ಬಸ್ಸು ಕಮ್ಮಿ, ಟ್ಯಾಕ್ಸಿ ಮಾಡ್ಕೊಂಡ್ರೆ ಹೊತ್ತು ಉಳಿಯುತ್ತೆ. ಒಳಗೆ ಆವತ್ತಿನ ಹೆಲ್ಮೆಟ್‌ಗಳು, ಕರಪತ್ರಗಳು, ಫೋಟೋಗಳು. ನನಗೆ ಹಿಡಿಸಿದ್ದು ಇದು: ಹೋರಾಟದ ಈ ಕಥೆಯನ್ನ ಹೇಳ್ತಾ ಇರೋದು ನಿಲ್ದಾಣದ ಕಡೆಯವರೇ. ತಾವು ಗೆದ್ದ ಕಥೆ ಅಂತಲೂ ಹೇಳಿಲ್ಲ, ರೈತರು ತಲೆಕೆಟ್ಟೋರು ಅಂತಲೂ ಹೇಳಿಲ್ಲ.

ಅಷ್ಟು ದೂರ ಬರೋಕೆ ಕಾಲು ಶತಮಾನ ಹಿಡೀತು. 1991ರಿಂದ ತಜ್ಞರ ಮಧ್ಯಸ್ಥಿಕೆಯಲ್ಲಿ ಸರ್ಕಾರ ಮತ್ತು ರೈತರ ಒಂದು ಬಣ ಬಹಿರಂಗ ಸಭೆಗಳಲ್ಲಿ ಎದುರುಬದುರು ಕೂತ್ರು. 1993ರವರೆಗೆ ಹದಿನೈದು ಸಭೆ. ಆಮೇಲೆ ದುಂಡುಮೇಜಿನ ಸಭೆಗಳು, 1994ರವರೆಗೆ. ಉಳಿದ ಜಮೀನಿಗೆ ಬಲವಂತದ ಸ್ವಾಧೀನ ಬಳಸಲ್ಲ ಅಂತ ಸರ್ಕಾರ ಒಪ್ಕೊಳ್ತು. 1995ರಲ್ಲಿ ಪ್ರಧಾನಿ ಮುರಾಯಾಮಾ ರೈತರ ಕ್ಷಮೆ ಕೇಳಿದ್ರು. 1966ರಲ್ಲಿ ಎರಡು ವಾರದಲ್ಲಿ ಮುಗಿಸಿದ ತೀರ್ಮಾನವನ್ನ ಮತ್ತೆ ಮೊದಲಿಂದ ಮಾತಾಡೋಕೆ ಎಷ್ಟು ಹೊತ್ತು ಬೇಕಾಯ್ತು ನೋಡಿ. ನಮ್ಮ ಕೆಲಸದಲ್ಲೂ ಇಂಥದ್ದನ್ನ ನೋಡ್ತೀವಿ. ಬಳಸೋರನ್ನ ಕೇಳದೆ ಡಿಸೈನ್ ಫ್ರೀಜ್ ಮಾಡಿದ ಪ್ರಾಜೆಕ್ಟ್ ಡೆಲಿವರಿ ಆಗುತ್ತೆ, ಆದ್ರೆ ಮುಗಿಯಲ್ಲ. ವ್ಯತ್ಯಾಸ ಏನಂದ್ರೆ ನಮ್ಮಲ್ಲಿ ಹೋಗೋದು ಒಂದಷ್ಟು ವಾರಾಂತ್ಯ. ಅಲ್ಲಿ ಹೋದದ್ದು ಜೀವ.

ಕೊಟ್ಟ ಮಾತಿನ ಗುರುತು ನಿಲ್ದಾಣದ ಮೈ ಮೇಲೇ ಇದೆ. ಎರಡನೇ ರನ್‌ವೇಗೆ 2,500 ಮೀಟರ್ ಬೇಕಿತ್ತು. ದಕ್ಷಿಣದ ತುದಿಯಲ್ಲಿ ಕೆಲವು ಮನೆಯವರು ಜಮೀನು ಬಿಟ್ಟುಕೊಡಲಿಲ್ಲ. ಬಲವಂತ ಮಾಡೋ ಹಾಗಿಲ್ಲ. ಹಾಗಾಗಿ ಇಡೀ ರನ್‌ವೇಯನ್ನ ಉತ್ತರಕ್ಕೆ ಸರಿಸಿ, 2,180 ಮೀಟರ್‌ಗೆ ಮೊಟಕು ಮಾಡಿ, 2002ರ ಏಪ್ರಿಲ್‌ನಲ್ಲಿ ತೆರೆದ್ರು. ಜಂಬೊ ಜೆಟ್‌ಗಳಿಗೆ ಅದು ಸಾಲ್ತಿರಲಿಲ್ಲ. 2009ರಲ್ಲಿ ಇನ್ನೂ ಉತ್ತರಕ್ಕೆ ಎಳೆದು 2,500 ಮಾಡಿದ್ರು. ಟ್ಯಾಕ್ಸಿವೇ ಒಂದು ಕಡೆ ಹೊಲವನ್ನ ಬಳಸಿ ವರ್ಷಗಟ್ಟಲೆ ಸೊಟ್ಟಗೇ ಇತ್ತು. ಮೊಬೈಲ್‌ನಲ್ಲಿ ಉಪಗ್ರಹ ಚಿತ್ರ ತೆಗೆದು ಆ ರನ್‌ವೇ ದಕ್ಷಿಣದ ತುದಿ ನೋಡಿ: ಕಾಂಕ್ರೀಟಿನ ಅಂಚಿಗೆ ಹಸಿರು ತುಂಡುಗಳು, ಟೊಹೊ ಅನ್ನೋ ಊರಿನ ಪುಟ್ಟ ಗುಡಿ. ಗುಡಿಗೆ ಹೋಗೋಕೆ ನಿಲ್ದಾಣದ ಗೋಡೆಗಳ ನಡುವೆ ಕಿರಿದಾದ ದಾರಿ.

ಮ್ಯೂಸಿಯಂನಿಂದ ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸುತ್ತ ವಿಮಾನ ಓಡಾಡ್ತವೆ ಅಂತೀಯ, ಮಧ್ಯೆ ಹೊಲ ಅಂತೀಯ. ಆ ಯಪ್ಪ ಗೊಬ್ಬರದ ಗಾಡಿ ಹೆಂಗಪ್ಪಾ ತಗೊಂಡೋಗ್ತಾನೆ?” ಅಂದ್ರು.

“ಗೋಡೆ ಮಧ್ಯೆ ದಾರಿ ಬಿಟ್ಟವ್ರಂತೆ ಅಪ್ಪ.”

“ದಾರಿ ಬಿಟ್ಟವ್ರಾ? ಹಂಗಾದ್ರೆ ಪರವಾಗಿಲ್ಲ ಬಿಡು. ಸದ್ದಿಗೆ ದನ ಹಾಲು ಕೊಡ್ತವಾ ಕೇಳು.”

ರನ್‌ವೇ ಉದ್ದದ ಲೆಕ್ಕ ಮಾಡ್ತಿದ್ದ ನನಗೆ ಇದು ಹೊಳೆದಿರಲಿಲ್ಲ. ಆ ಜಮೀನು ಸ್ಮಾರಕ ಅಲ್ಲ, ಅಲ್ಲಿ ಗೊಬ್ಬರ ಹೋಗಬೇಕು, ಬೆಳೆ ಆಚೆ ಬರಬೇಕು.

ಹಾಗಂತ ಕಥೆ ಸುಖಾಂತ್ಯ ಅಂದ್ಕೋಬೇಡಿ. 2015ರ ಮಾರ್ಚ್‌ವರೆಗೂ ನರಿಟಾಗೆ ಯಾರನ್ನೋ ಬಿಡೋಕೆ ಹೋದೋರೂ ಗುರುತಿನ ಚೀಟಿ ತೋರಿಸಿಯೇ ಒಳಗೆ ಹೋಗಬೇಕಿತ್ತು. 2023ರ ಫೆಬ್ರವರಿಯಲ್ಲಿ ಕೋರ್ಟ್ ತೀರ್ಪಿನ ಬಲದ ಮೇಲೆ ಒಂದು ಜಮೀನಿನಲ್ಲಿದ್ದ ಕಾವಲು ಗೋಪುರ ಮುಂತಾದವನ್ನ ತೆರವು ಮಾಡಿದ್ರು. ಈಗ 3,500 ಮೀಟರಿನ ಮೂರನೇ ರನ್‌ವೇ ಯೋಜನೆ ನಡೀತಿದೆ. ಮತ್ತೆ ಜಮೀನು, ಮತ್ತೆ ಮನೆ ಮನೆಗೆ ಹೋಗಿ ಮಾತು.

ಹಸಿವಾಗಿದ್ರೆ ನರಿಟಾ ಊರಿಗೆ ಬನ್ನಿ. ಏರ್‌ಪೋರ್ಟ್ ಬರೋಕೆ ಸಾವಿರ ವರ್ಷ ಮೊದಲಿಂದ ಇರೋ ಊರು ಇದು. ಸ್ಟೇಷನ್‌ನಿಂದ ದೇವಸ್ಥಾನದವರೆಗೆ ಇಳಿಜಾರಿನ ಹಳೇ ಪೇಟೆ ಬೀದಿ. ಹಾವುಮೀನು ಸುಡೋ ಹೋಟೆಲುಗಳು, ಹುರಿದ ಕಡಲೆಕಾಯಿ ಅಂಗಡಿಗಳು. ಜಪಾನಿನ ಕಡಲೆಕಾಯಿಯಲ್ಲಿ ಬಹುಪಾಲು ಬೆಳೆಯೋದು ಇದೇ ಚಿಬಾದಲ್ಲಿ. ಸಸ್ಯಾಹಾರಿಗಳು ಜೇಬು ತುಂಬಾ ಅದನ್ನೇ ತುಂಬ್ಕೊಳ್ಳಿ. ಬೀದಿ ಕೊನೆಗೆ ಶಿನ್ಶೋಜಿ, ಕ್ರಿ.ಶ. 940ರಲ್ಲಿ ಸ್ಥಾಪನೆಯಾದ ಬೌದ್ಧ ದೇವಾಲಯ. ಇಲ್ಲಿ ದಿನಾ ಬೆಂಕಿ ಹಾಕಿ ಪೂಜೆ ಮಾಡ್ತಾರೆ. ಅದನ್ನ ಅವರು ‘ಗೋಮ’ ಅಂತಾರೆ. ನಮ್ಮ ಹೋಮವೇ ಚೀನಾ ದಾಟಿ ಅಲ್ಲಿಗೆ ಹೋಗೋ ಹೊತ್ತಿಗೆ ಗೋಮ ಆಗಿದೆ. ನಗಾರಿ ಸದ್ದು, ಏರೋ ಉರಿ, ಮಂತ್ರ. ಭಾಷೆ ತಿಳೀದಿದ್ರೂ ಪರಕೀಯ ಅನ್ಸಲ್ಲ. ಮೂಲ ದೇವರು ಫುದೋ, ಸಂಸ್ಕೃತದಲ್ಲಿ ಅಚಲ. ಕದಲದವನು ಅಂತ ಅರ್ಥ. ಕದಲಲ್ಲ ಅಂತ ಕೂತ ರೈತರ ಊರಿಗೆ ಇವನೇ ದೇವರು.

ಅಲ್ಲಿಂದ ರೈಲು ಹಿಡಿದು, ಟೋಕಿಯೊ ನಗರದ ಹೊಟ್ಟೆಯೊಳಗೆ ಹಾದು ಹನೇಡಾ ಕಡೆ ಹೊರಡಿ. ಆದ್ರೆ ಟರ್ಮಿನಲ್‌ವರೆಗೆ ಹೋಗಬೇಡಿ. ಸ್ವಲ್ಪ ಮೊದಲೇ, ತೆಂಕೂಬಾಶಿ ಸ್ಟೇಷನ್‌ನಲ್ಲಿ ಇಳೀರಿ. ಕೆಲವೇ ನಿಮಿಷ ನಡೆದ್ರೆ ನದಿಯ ದಂಡೆಯಲ್ಲಿ ಒಂದು ಕೆಂಪು ತೋರಣದ ಬಾಗಿಲು ಒಂಟಿಯಾಗಿ ನಿಂತಿದೆ. ಹಿಂದೆ ದೇವಸ್ಥಾನ ಇಲ್ಲ. ಮೇಲೆ ‘ಶಾಂತಿ’ ಅಂತ ಅರ್ಥ ಕೊಡೋ ಎರಡು ಅಕ್ಷರ.

ಈಗಿನ ಹನೇಡಾ ನಿಲ್ದಾಣದ ಜಾಗದಲ್ಲಿ ಮೊದಲು ಮೀನುಗಾರರ ಕೇರಿಗಳಿದ್ವು, ಅನಾಮೊರಿ ಇನಾರಿ ಅನ್ನೋ ಹೆಸರಾಂತ ಗುಡಿ ಇತ್ತು. 1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯ್ತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೇನೆ ನಿಲ್ದಾಣ ದೊಡ್ಡದು ಮಾಡ್ಬೇಕು ಅಂತ ಅಲ್ಲಿದ್ದ ಸುಮಾರು 3,000 ಜನಕ್ಕೆ ಜಾಗ ಖಾಲಿ ಮಾಡೋಕೆ ಹೇಳ್ತು. ಕೊಟ್ಟ ಗಡುವು 48 ಗಂಟೆ. ಸೋತ ದೇಶದ ಜನ, ಕೋರ್ಟಿಲ್ಲ, ಕೇಳೋರಿಲ್ಲ. ತಳ್ಳುಗಾಡಿಯಲ್ಲಿ ಹಿಡಿಸಿದಷ್ಟು ತಗೊಂಡು ಸೇತುವೆ ದಾಟಿದ್ರು. ಗುಡಿಯನ್ನ ಕೆಡವಿದ್ರು. ಅದರ ತೋರಣ ಮಾತ್ರ ಹೇಗೋ ಉಳೀತು. ಅದನ್ನ ಕೀಳೋಕೆ ಹೋದೋರಿಗೆ ಕೆಟ್ಟದ್ದಾಯ್ತು ಅಂತ ಕಥೆಗಳು ಹುಟ್ಕೊಂಡ್ವು. ಐವತ್ತು ವರ್ಷ ಅದು ಟರ್ಮಿನಲ್ ಎದುರು, ಕಾರುಗಳ ನಡುವೆ ನಿಂತಿತ್ತು. 1999ರಲ್ಲಿ ಈ ದಂಡೆಗೆ ತಂದು ನಿಲ್ಲಿಸಿದ್ರು.

ಆ ತೋರಣದ ಕೆಳಗೆ ನಿಂತ್ರೆ ಎರಡೂ ನಿಲ್ದಾಣಗಳ ಕಥೆ ಒಂದೇ ದಾರದಲ್ಲಿ ಕಾಣುತ್ತೆ. ಹನೇಡಾದಲ್ಲಿ ಪರದೇಶದ ಸೇನೆ ಕೇಳದೆ ಕಿತ್ಕೊಂಡಿತು. ಇಪ್ಪತ್ತೊಂದು ವರ್ಷದ ಮೇಲೆ ನರಿಟಾದಲ್ಲಿ ಅವರದೇ, ಅವರೇ ಓಟು ಹಾಕಿ ಆರಿಸಿದ ಸರ್ಕಾರ ಕೇಳದೆ ತೀರ್ಮಾನ ಮಾಡ್ತು. ಮೊದಲನೆಯವರಿಗೆ ಬಾಯಿ ತೆಗೆಯೋ ಅವಕಾಶ ಇರಲಿಲ್ಲ, ಎರಡನೆಯವರಿಗೆ ಇತ್ತು. ಕೊನೆಗೆ ಹನೇಡಾವನ್ನ ಯಾರ ಹೊಲವೂ ಇಲ್ಲದ ಸಮುದ್ರದ ಕಡೆಗೇ ಬೆಳೆಸಿದ್ರು. 1980ರ ದಶಕದಿಂದ ಕಡಲು ತುಂಬಿಸ್ತಾ ಹೋಗಿ, 2010ರಲ್ಲಿ ನಾಲ್ಕನೇ ರನ್‌ವೇ ತೆರೆದ್ರು. ಅದರ ಒಂದು ಭಾಗ ನದಿಯ ನೀರು ಹರಿದು ಹೋಗಲಿ ಅಂತ ಕಂಬಗಳ ಮೇಲೆ ನಿಂತಿದೆ. ಅದೇ ವರ್ಷ ಅಂತಾರಾಷ್ಟ್ರೀಯ ವಿಮಾನಗಳು ದೊಡ್ಡ ಪ್ರಮಾಣದಲ್ಲಿ ಹನೇಡಾಗೆ ವಾಪಸ್ ಬಂದ್ವು. 1966ರಲ್ಲಿ ಆಗಲ್ಲ ಅಂದಿದ್ದ ಕೆಲಸ ಅದು.

ನಮ್ಮ ಕೆಂಪೇಗೌಡ ನಿಲ್ದಾಣ ಸುಮಾರು 4,000 ಎಕರೆಯಲ್ಲಿದೆ. 2008ರಲ್ಲಿ ಅದು ತೆರೆದಾಗ ನಾನು ಹಳ್ಳಿಯಿಂದ ಬೆಂಗಳೂರಿಗೆ ಬಸ್ಸಲ್ಲಿ ಓಡಾಡ್ತಿದ್ದೆ. ಕಿಟಕಿಯಿಂದ ಕಾಣ್ತಿದ್ದ ಹೊಲ, ದ್ರಾಕ್ಷಿ ತೋಟ ವರ್ಷ ವರ್ಷಕ್ಕೂ ಕಮ್ಮಿಯಾದ್ವು. ಅದೇ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನ ಏರೋಸ್ಪೇಸ್ ಪಾರ್ಕಿಗೆ ತಗೊಳ್ಳೋಕೆ ಹೊರಟಾಗ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ್ರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ಅಲ್ಲಿ ಯಾರೂ ಸಾಯಲಿಲ್ಲ, ಕಂಟ್ರೋಲ್ ಟವರ್ ಪುಡಿಯಾಗಲಿಲ್ಲ. ಆದ್ರೂ ರೈತರ ಮಾತು ಕಿವಿಗೆ ಬೀಳೋಕೆ ಸಾವಿರ ದಿನ ಯಾಕೆ ಬೇಕಾಯ್ತು ಅನ್ನೋದು ಉಳಿಯುತ್ತೆ. ನಿಲ್ದಾಣ ಬೇಡ, ರಸ್ತೆ ಬೇಡ ಅಂತ ನಾನು ಹೇಳಲ್ಲ. ವರ್ಷಕ್ಕೆ ನಾಲ್ಕು ಸಲ ವಿಮಾನ ಹತ್ತೋನು ಹಾಗೆ ಹೇಳೋ ಹಾಗೂ ಇಲ್ಲ. ಮೊದಲೇ ಹೋಗಿ ಜಗಲಿ ಮೇಲೆ ಕೂತು ಕೇಳೋಕೆ ಹಿಡಿಯೋ ಒಂದೆರಡು ವರ್ಷ ದಂಡ ಅಲ್ಲ ಅಂತ ನರಿಟಾದವರು ಕಲಿತ ಪಾಠ ನಮಗೂ ಪುಕ್ಕಟೆ ಸಿಗ್ತಾ ಇದೆ ಅಂತಷ್ಟೇ ಹೇಳ್ತೀನಿ.

ಕೊನೆಗೊಂದು ಮಾತು. ಇಂಥದ್ದನ್ನ ನೋಡೋಕೆ ಟೋಕಿಯೊಗೇ ಹೋಗ್ಬೇಕು ಅಂತೇನಿಲ್ಲ. ಮುಂದಿನ ಸಲ ದೇವನಹಳ್ಳಿ ಕಡೆ ಕ್ಯಾಬ್ ಹಿಡಿದಾಗ ಇಯರ್‌ಫೋನ್ ತೆಗೆದು ಡ್ರೈವರಣ್ಣನನ್ನ ಮಾತಾಡಿಸಿ. ಯಾವೂರು ಅಂತ ಕೇಳಿ. ಇದೇ ಸುತ್ತಮುತ್ತಲ ಹಳ್ಳಿ ಅಂದ್ರೆ, ಜಮೀನು ಎಲ್ಲಿತ್ತು ಅಂತ ಕೇಳಿ. ಟೋಲ್ ದಾಟಿ ಟರ್ಮಿನಲ್ ಬರೋವರೆಗೂ ಹೊತ್ತಿರುತ್ತೆ, ಪೂರ್ತಿ ಕೇಳಿಸ್ಕೊಳ್ಳಿ.